ಎರಡೂ ಬದಿಯ ಗೀಟು

ರಾಣೇಬೆನ್ನೂರಿನಲ್ಲಿ ಏನೇ ತಂಟೆಯಾದರೂ ಜನ ಮೊದಲು ಠಾಣೆಗೆ ಹೋಗುತ್ತಿದ್ದರು. ಅಲ್ಲಿ ಬೇಸತ್ತ ಮೇಲೆ ನಿವೃತ್ತ ವಿಜ್ಞಾನ ಶಿಕ್ಷಕಿ ಗೋದೂಬಾಯಿಯವರ ಕಟ್ಟೆಗೆ. ಚಹಾ ಮಾಡುವುದಷ್ಟೇ ಅವರ ತಮ್ಮ ಬಾಳಕೃಷ್ಣರ ಪಾಲಿನ ಪತ್ತೇದಾರಿಕೆ. ಆ ಬೆಳಿಗ್ಗೆ ಮೆಕ್ಯಾನಿಕ್ ಖಲಂದರನ ಹೆಂಡತಿ ಅಲ್ಮಾಸ ಬಂದಳು. ಚಹಾ ಮುಟ್ಟಲಿಲ್ಲ, ಅಳಲೂ ಇಲ್ಲ. ಬಾಳಕೃಷ್ಣರಿಗೆ ಅದೇ ಹೆಚ್ಚು ಕಸಿವಿಸಿ.

“ಬಾಯಾರ, ನನ್ನ ಗಂಡ ಗಾಲಿ ಸೊಟ್ಟ ಕೂಡಿಸಿ ಸುದೀಪನ್ನ ಕೊಂದಾನ ಅಂತಾರ್ರಿ. ನಾಳೆ ಹಿಡಕೊಂಡು ಹೋಗ್ತಾರಂತ. ಇಂವ ನೋಡಿದ್ರ ತುಟಿ ಪಿಟಕ್ ಅನ್ನವಲ್ಲ.”

ಸುದೀಪ ಹಲಗೇರಿಯ ಟೇಲರ್ ಫಕ್ಕೀರಪ್ಪನ ಒಬ್ಬನೇ ಮಗ. ಖಲಂದರ ಶನಿವಾರ ಅವನ ಬೈಕಿನ ಹಿಂದಿನ ಗಾಲಿ ಸರಿಹೊಂದಿಸಿ ಕೊಟ್ಟಿದ್ದ. ಸೋಮವಾರ ಕುಮಾರಪಟ್ಟಣಕ್ಕೆ ಡ್ಯೂಟಿಗೆ ಹೊರಟವನ ಚೈನು ಕಳಚಿ, ಗಾಲಿ ಬಿಗಿದು, ಬೈಕು ಉರುಳಿತ್ತು.

ಠಾಣೆಯ ಅಂಗಳದಲ್ಲಿ ಆ ಬೈಕಿನ ಸುತ್ತ ಎಲ್ಲರೂ ನೆರೆದರು. ಫಕ್ಕೀರಪ್ಪ ಬೇವಿನ ಬುಡದಲ್ಲಿ ಕೂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತೆಗೆ ಎನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ.

“ಖಲಂದರ, ಗಾಲಿ ಹೆಂಗ ನೆಟ್ಟಗ ಮಾಡ್ತೀಯಪಾ?” ಎಂದು ಕೇಳಿದರು ಗೋದೂಬಾಯಿ.

“ಎರಡೂ ಬಾಜೂ, ಹಿಂದಿನ ಟೈರಿನಿಂದ ಮುಂದಿನದಕ್ಕ ದಾರ ಹಿಡೀತೇನ್ರಿ. ಗಾಲಿ ಕೂಡಿಸೋ ಕಡೆ ಕೊರದ ಅಳತಿ ಗೀಟು ನೋಡಂಗಿಲ್ಲ. ಇದು ಹಿಂದ ಒಮ್ಮೆ ಬಿದ್ದು, ಗಾಲಿ ಹಿಡಿಯೋ ತೋಳು ಸೊಟ್ಟಾಗೇತಿ. ಎಡಕ್ಕ ಮೂರನೇ ಗೀಟು, ಬಲಕ್ಕ ನಾಕನೇದು ಇದ್ರನ ನೆಟ್ಟಗ.”

“ಬಿಗಿ ಮಾಡಿದ ಮ್ಯಾಲೆ?”

“ನಟ್ಟಿನ ಮ್ಯಾಲಿಂದ ತೋಳಿನ ತನಕ ಹಳದಿ ಬಣ್ಣದ ಒಂದು ಗೆರಿ ಎಳೀತೇನ್ರಿ.”

ಬಾಳಕೃಷ್ಣರು ಬಗ್ಗಿ ನೋಡಿದರು. ಹಳದಿ ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ತೋಳಿನದು ಇನ್ನೊಂದು ಕಡೆ.

“ಗೆರಿ ಮುರದದ ಅಂದ್ರ ಆಮ್ಯಾಲೆ ಯಾರೋ ನಟ್ಟು ಬಿಚ್ಯಾರ,” ಎಂದರು ಗೋದೂಬಾಯಿ. “ಈಗ ಎರಡೂ ಬದಿ ಮೂರನೇ ಗೀಟಿಗೇ ಅದ. ಅದಕ್ಕ ಗಾಲಿ ಸೊಟ್ಟ, ಚೈನು ಅಡ್ಡ ಎಳೆದು ಕಳಚ್ತು. ಕೆಡಸಬೇಕು ಅನ್ನಾವ ಗೀಟಿಗೆ ಗೀಟು ಸಮ ಮಾಡೂದಿಲ್ಲ. ಒಳ್ಳೇದಾಗ್ಲಿ ಅಂತ ಮಾಡಿದ ಕೈ ಇದು. ಮತ್ತ ಎರಡೂ ಗೀಟಿನ ಮ್ಯಾಲೆ ನೀಲಿ ಸೀಮೆಸುಣ್ಣದ ಖಡು ಹತ್ತೇದ. ಅರಿವಿ ಕತ್ತರಸೂ ಮುಂದ ಗುರುತು ಹಾಕೂ ಅಂಥಾದ್ದು.”

ಯಾರೂ ಬೇವಿನ ಕಡೆ ತಿರುಗಲಿಲ್ಲ. ದನಿ ಅಲ್ಲಿಂದ ತಾನಾಗಿಯೇ ಬಂತು.

“ರವಿವಾರ ನೋಡಿದ್ನಿ. ಒಂದ್ ಕಡೆ ಮೂರು, ಒಂದ್ ಕಡೆ ನಾಕು. ಪಾಪ, ಗಡಿಬಿಡ್ಯಾಗ ತಪ್ಯಾನ ಅನ್ಕೊಂಡ್ನಿ. ನಲವತ್ತು ವರ್ಷ ಅಂಗಿ ಹೊಲದೇನ್ರಿ ಬಾಯಾರ... ಎರಡೂ ತೋಳು ಸಮ ಇರಬೇಕಲ್ರಿ?”

ಗೋದೂಬಾಯಿಯವರು ಮೆಲ್ಲಗೆ ಖಲಂದರನನ್ನು ಕೇಳಿದರು: “ಪೊಲೀಸರು ಕರೆಸಿದ ದಿನಾನೇ ನೀ ಈ ಖಡು ನೋಡಿರಬೇಕು. ಯಾಕ ಹೇಳ್ಲಿಲ್ಲ?”

“ಮಗ ಹೋಗ್ಯಾನ್ರಿ,” ಎಂದ ಖಲಂದರ. “ಮ್ಯಾಲೆ ಇದನ್ನೂ ಹೆಂಗ ಹೇಳ್ಲಿ?”

ಅಲ್ಮಾಸ ಆಗ ಅತ್ತಳು.

ಫಕ್ಕೀರಪ್ಪ ಎದ್ದ. ಕೊರಳಿನ ಟೇಪು ತೆಗೆದು, ರೂಢಿಯಂತೆ ಅಂಚಿಗೆ ಅಂಚು ಸೇರಿಸಿ ಸುತ್ತಿ, ಬೈಕಿನ ಸೀಟಿನ ಮೇಲಿಟ್ಟ.

“ಗ್ಯಾರೇಜ್ ತಗೀ ಹೋಗು, ತಮ್ಮಾ,” ಎಂದವನೇ ಠಾಣೆಯ ಮೆಟ್ಟಿಲು ಹತ್ತಿದ. “ಸಾಹೇಬ್ರ, ಬರಕೋರಿ.”

ಮನೆಗೆ ಬಂದು ಬಾಳಕೃಷ್ಣರು ಚಹಾ ಮಾಡಿದರು. ಅದು ಆರಿ, ಕೆನೆ ಕಟ್ಟಿ, ಸಂಜೆಯವರೆಗೂ ಹಾಗೇ ಇತ್ತು.