ಹೊಡೆಯದ ಗಂಟೆ

ಸತ್ತಾಗ ನನ್ನ ಭಾವನ ಮೈಮೇಲೆ ಒಂದು ಹನಿ ಬೆವರೂ ಇರಲಿಲ್ಲ.

ಅದನ್ನೇ ಯೋಚಿಸುತ್ತ ಫ್ಯಾಕ್ಟರಿಯ ತಗಡಿನ ಮಾಡಿನ ಮೇಲೆ ಬೋರಲು ಮಲಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಹೊರಗೆ ನಲವತ್ತಾರು ಡಿಗ್ರಿ. ಅಂಗಿಯ ಕೆಳಗೆ ತಗಡು ಕಾದ ಕಾವಲಿ! ಅಂಗಳದಲ್ಲಿ ಇಬ್ಬರು ಗಾರ್ಡುಗಳು ನನ್ನನ್ನು ಹುಡುಕುತ್ತಿದ್ದರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು.

"ಲೋ! ಫೋನ್ ಕೊಟ್ಟು ಹೋಗು. ನಿನ್ನ ಮೈ ಮುಟ್ಟಲ್ಲ!" ಮ್ಯಾನೇಜರ್ ಕೂಗಿದ.

ಫೋನನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಜೇಬಿನಲ್ಲಿದ್ದರೆ ತಗಡಿನ ಕಾವಿಗೆ ಸುಟ್ಟೇ ಹೋಗುತ್ತಿತ್ತು.

ಅದರಲ್ಲಿ ಒಂದೇ ಒಂದು ಫೋಟೋ. ಅದು ಮೂರು ಗಂಟೆಯೊಳಗೆ ಲೇಬರ್ ಇನ್‌ಸ್ಪೆಕ್ಟರ್ ಮೇಜು ತಲುಪಬೇಕಿತ್ತು. ಕಳಿಸೋಣವೆಂದರೆ ನನ್ನ ಫೋನಿಗೆ ನೆಟ್ ಇರಲಿಲ್ಲ. ತಲುಪದಿದ್ದರೆ ಫೈಲ್ ಮುಚ್ಚುತ್ತದೆ. ಆರು ಜನ 'ದುರ್ಬಲ ಹೃದಯ'ದಿಂದ ಸತ್ತರು ಎಂದು ಷರಾ ಬೀಳುತ್ತದೆ.

ಒಂದೇ ಮಧ್ಯಾಹ್ನ, ಒಂದೇ ಸಾಲಿನಲ್ಲಿ ನಿಂತಿದ್ದ ಆರು ದುರ್ಬಲ ಹೃದಯ! ನಗು ಬರುತ್ತದಲ್ಲವೇ ನಿಮಗೆ? ನನಗೆ ಬರಲಿಲ್ಲ. ಮೈಯ ಬೆವರೇ ಬತ್ತಿ ಸಾಯುವುದು ಹೃದಯ ನಿಂತವರಲ್ಲ, ಕಾವು ತಲೆಗೇರಿದವರು.

ಆ ಫ್ಯಾಕ್ಟರಿಯಲ್ಲಿ ಹೊಲಿಯುವುದು ಉಣ್ಣೆಯ ಕೋಟು. ಎಲ್ಲೋ ಹಿಮ ಬೀಳುವ ದೇಶಕ್ಕೆ. ಹೊಲಿದದ್ದೆಲ್ಲ ಕೊನೆಗೆ ಇಸ್ತ್ರಿ ಶೆಡ್ಡಿಗೆ ಬರುತ್ತದೆ. ಹದಿನೆಂಟು ಮೇಜು, ಪ್ರತಿ ಮೇಜಿಗೂ ಹಬೆಯ ಪೈಪು. ನಡುವಿನ ಮೇಜಿನ ಮೇಲ್ಗಡೆ ಒಂದು ಥರ್ಮಾಮೀಟರ್, ಅದರಿಂದ ವೈರು, ವೈರಿನ ತುದಿಗೆ ಗಂಟೆ. ಶೆಡ್ಡಿನೊಳಗೆ ನಲವತ್ತೊಂದು ಡಿಗ್ರಿ ದಾಟಿದರೆ ಗಂಟೆ ತಾನಾಗಿ ಹೊಡೆಯಬೇಕು. ಎಲ್ಲರೂ ಇಸ್ತ್ರಿ ಇಳಿಸಿ ಅರ್ಧ ಗಂಟೆ ನೆರಳಿನಲ್ಲಿ ಕೂರಬೇಕು. ಅದು ನಿಯಮ.

ನಿಯಮದ ಪಕ್ಕದಲ್ಲಿ ಇಸ್ತ್ರಿಯವರದೇ ಒಂದು ಪದ್ಧತಿ ಬೆಳೆದಿತ್ತು. ಗಂಟೆ ಹೊಡೆಯುವ ಮೊದಲು ಯಾರೂ ಕೂರುವ ಹಾಗಿಲ್ಲ. ಕೂತವರಿಗೆ ಸಂಜೆಯವರೆಗೆ ಗೇಲಿ.

"ಏನ್ ಮದುಮಗಳೇ, ಸುಸ್ತಾಯ್ತಾ? ಬೀಸಣಿಗೆ ತರ್ಲಾ?"

ಗೇಲಿ ಮಾಡುವುದರಲ್ಲಿ ಮೊದಲಿಗ ನನ್ನ ಭಾವ. ಸಾಲಿನ ಹಿರಿಯ. ಆ ದಿನ ಪಕ್ಕದ ಮೇಜಿನ ಹೆಂಗಸು ತಲೆ ಸುತ್ತುತ್ತಿದೆ ಅಂದಳಂತೆ. "ತಡಿಯಮ್ಮ, ಈಗ ಗಂಟೆ ಹೊಡೆಯುತ್ತೆ. ಒಟ್ಟಿಗೇ ಹೋಗೋಣ" ಅಂದನಂತೆ ಭಾವ.

ಗಂಟೆ ಹೊಡೆಯಲಿಲ್ಲ. ಒಟ್ಟಿಗೇ ಹೋದರು.

"ಮೇಲಿದಾನೆ ಸರ್!" ರಾಡಿನವನು ಏಣಿಗೆ ಕೈ ಹಾಕಿದ.

"ದೊಡ್ಡ ಸತ್ಯವಂತ!" ಮ್ಯಾನೇಜರನ ದನಿ. "ತಿರುಪು ಬಿಚ್ಚಿದ್ದು ಯಾರ ಕೈಯೋ? ನಂದಾ? ನಿಂದಲ್ವಾ?"

ಹೌದು. ಇದನ್ನು ಈಗಲೇ ಹೇಳಿಬಿಡುತ್ತೇನೆ.

ನನ್ನ ಕಸುಬು ಕಳೆದದ್ದನ್ನು ಹುಡುಕುವುದು, ಕೆಟ್ಟದ್ದನ್ನು ಸದ್ದಿಲ್ಲದೆ ಸರಿ ಮಾಡಿಕೊಡುವುದು. ಎರಡು ಬೇಸಿಗೆಯ ಹಿಂದೆ ಇದೇ ಮ್ಯಾನೇಜರ್ ಕರೆಸಿದ್ದ. ಮುಂಚೆ ವರ್ಷಕ್ಕೆ ನಾಲ್ಕು ಸಲ ಹೊಡೆಯುತ್ತಿದ್ದ ಗಂಟೆ ಆಗ ದಿನಕ್ಕೆ ಮೂರು ಸಲ ಹೊಡೆಯುತ್ತಿತ್ತು. "ಇದಕ್ಕೊಂದು ದಾರಿ ಮಾಡು" ಅಂದ. ಮಾಡಿದೆ. ಒಂದು ಸ್ಕ್ರೂಡ್ರೈವರ್, ಹನ್ನೆರಡು ಅಡಿ ವೈರು. ಥರ್ಮಾಮೀಟರನ್ನು ಮೇಜಿನ ಮೇಲಿಂದ ತೆಗೆದು ಅದೇ ಶೆಡ್ಡಿನ ನೀರಿನ ಟ್ಯಾಂಕಿನ ಹಿಂದೆ, ಸದಾ ಒದ್ದೆಯಾಗಿ ತಣ್ಣಗಿರುವ ಗೋಡೆಗೆ ಹಾಕಿದೆ. ಅಂಕಿ ತಿದ್ದಲಿಲ್ಲ, ಏನನ್ನೂ ಮುರಿಯಲಿಲ್ಲ. ಥರ್ಮಾಮೀಟರ್ ತನ್ನ ಜಾಗದ ಸತ್ಯ ಹೇಳುತ್ತಲೇ ಇತ್ತು.

ಇವತ್ತು ಮತ್ತೆ ಕರೆಸಿದ್ದ. ಇನ್‌ಸ್ಪೆಕ್ಟರ್ ನೋಡಲು ಬಂದುಬಿಟ್ಟರೆ ಅಂತ ಅದನ್ನು ಹಳೇ ಜಾಗಕ್ಕೆ ಹಾಕಬೇಕಂತೆ. ನಾನು ಜೇಬಿನಲ್ಲಿ ಇನ್ನೊಂದು ಥರ್ಮಾಮೀಟರ್ ತಂದಿದ್ದೆ. ಮೇಜಿನ ಮೇಲೆ ಅದನ್ನು ನೇತುಹಾಕಿದೆ. ಎರಡೂ ಒಂದೇ ಫೋಟೋದಲ್ಲಿ ಬರುವ ಹಾಗೆ ನಿಂತು ಕ್ಲಿಕ್ ಮಾಡಿದೆ.

ಆ ಸದ್ದು ಮ್ಯಾನೇಜರನ ಕಿವಿಗೆ ಬಿತ್ತು. ಓಡಿದೆ.

ರಾಡು ಮಾಡಿನ ಅಂಚಿಗೆ ಬಡಿಯಿತು... ಠಣ್! ಎದ್ದೆ. ಆ ಕಡೆ ಅಂಗಳದಲ್ಲಿ ಮೂಟೆಗಳ ರಾಶಿ. ಹಾರಿದೆ!

ಮೆತ್ತಗೆ ಬಿದ್ದೆ. ಉಣ್ಣೆ. ಎಲ್ಲಾ ಕೋಟು!

"ವಾಪಸ್ ಬಂದ ಮಾಲು," ಗೇಟಿನ ಮುದುಕ ನನ್ನ ತೋಳು ಹಿಡಿದು ಎಬ್ಬಿಸಿದ. "ಅಲ್ಲಿ ಈ ಸಲ ಚಳಿನೇ ಬೀಳಲಿಲ್ವಂತೆ. ನಮ್ಮ ಬಾಯ್ಲರ್ ಹೊಗೆ ಅವರ ಹಿಮ ಕರಗಿಸ್ತು. ಅವರ ಕಾರಿನ ಹೊಗೆ ನಮ್ಮ ತಲೆ ಸುಡ್ತು. ಇಬ್ಬರಿಗೂ ಕೋಟು ಬೇಡ."

"ಗೇಟ್ ತೆಗಿ ತಾತ!"

"ಚಿಲಕ ಹಾಕೋದೇ ಮರೆತೆ ನೋಡು ಇವತ್ತು. ವಯಸ್ಸಾಯ್ತು." ಅವನ ಸೊಸೆಯೂ ಆ ಆರರಲ್ಲಿ ಒಬ್ಬಳು.

ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರ್ ಏರಿದೆ. ರಸ್ತೆಯ ಟಾರು ಕರಗಿ ಚಕ್ರಕ್ಕೆ ಅಂಟುತ್ತಿತ್ತು. ಕನ್ನಡಿಯಲ್ಲಿ ಗಾರ್ಡುಗಳ ಜೀಪು. ಇನ್ನೂರು ಅಡಿ... ನೂರು ಅಡಿ... ಬಂಪರ್ ಹಿಂದಿನ ಚಕ್ರಕ್ಕೆ ತಾಗಿತು!

ಮುಂದೆ ರೈಲ್ವೆ ಗೇಟು. ಮುಚ್ಚಿತ್ತು. ಹಳಿಯ ಮೇಲೆ ಗೂಡ್ಸ್ ರೈಲು ಅಲ್ಲಾಡದೆ ನಿಂತಿತ್ತು. ಬಿಸಿಲಿಗೆ ಮುಂದೆಲ್ಲೋ ಹಳಿ ಸೊಟ್ಟಗಾಗಿದೆಯಂತೆ. ಬೆಳಗಿನಿಂದ ಹಾಗೇ ನಿಂತಿದೆಯಂತೆ.

ಸ್ಕೂಟರ್ ಅಲ್ಲೇ ಬಿಸಾಕಿದೆ. ರೈಲಿನ ಅಡಿಗೆ ನುಗ್ಗಿ ತೆವಳಿದೆ. ಅಂಗೈಯ ಚರ್ಮ ಹಳಿಯ ಮೇಲೆ ಉಳಿಯಿತು. ಜೀಪಿಗೆ ತೆವಳಲು ಬರುವುದಿಲ್ಲ.

ಲೇಬರ್ ಆಫೀಸು ಮುಟ್ಟಿದಾಗ ಎರಡು ಐವತ್ತೈದು.

ಇನ್‌ಸ್ಪೆಕ್ಟರ್ ಐವತ್ತರ ಹೆಂಗಸು. ಪೆನ್ನಿನ ಕ್ಯಾಪ್ ತೆಗೆದು ಕೂತಿದ್ದಳು. ಗೋಡೆಯ ಪಕ್ಕದ ಬೆಂಚಿನ ಮೇಲೆ ನನ್ನ ಅಕ್ಕ. ಹನ್ನೊಂದು ದಿನದ ಹಿಂದೆ ಅವಳೇ ನನಗೆ ಹೇಳಿದ್ದಳು. "ಊರಿನವರಿಗೆಲ್ಲ ಪತ್ತೆ ಮಾಡಿಕೊಡ್ತೀಯಲ್ಲ. ನಿಮ್ಮ ಭಾವ ಹೇಗೆ ಹೋದ್ರು ಅಂತ ನನಗೂ ಪತ್ತೆ ಮಾಡಿಕೊಡು."

ಫೋಟೋ ತೋರಿಸಿದೆ.

"ಟ್ಯಾಂಕಿನ ಹಿಂದೆ ಮೂವತ್ತೆಂಟು. ಮೇಜಿನ ಮೇಲೆ ನಲವತ್ತೊಂಬತ್ತು," ಇನ್‌ಸ್ಪೆಕ್ಟರ್ ಓದಿದಳು. ಆಮೇಲೆ ಫೋನ್ ಕೆಳಗಿಟ್ಟಳು. "ಈಗ ತಾನೇ ಮ್ಯಾನೇಜರ್ ಕಾಲ್ ಮಾಡಿದ್ರು. ಥರ್ಮಾಮೀಟರ್ ಮೇಜಿನ ಮೇಲೇ ಇದೆಯಂತೆ. ಬಂದು ನೋಡಿ ಅಂದ್ರು."

"ಈಗ ಹಾಕಿರ್ತಾರೆ ಮೇಡಂ!"

"ಇರಬಹುದು. ಫೋಟೋ ಇವತ್ತಿಂದು. ಅವರು ಸತ್ತ ದಿನ ಅದು ಎಲ್ಲಿತ್ತು? ನೋಡಿದವರು ಯಾರಾದ್ರೂ ಇದಾರಾ?"

"ಇವನು ಬಿಡೋನಲ್ಲ ಮೇಡಂ," ಅಕ್ಕ ಎದ್ದು ನಿಂತಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಜೀವವಿತ್ತು. "ಇವನು ಹಿಡಿದ್ರೆ ಉಡ. ಹೇಳೋ, ಯಾರು ನೋಡಿದಾರೆ? ಹೇಳು!"

ಮೇಲೆ ಫ್ಯಾನ್ ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು.

"ನಾನು," ಅಂದೆ. "ಎರಡು ವರ್ಷದಿಂದ ಅದು ಅಲ್ಲೇ ಇತ್ತು. ಅಲ್ಲಿಗೆ ಹಾಕಿದ್ದು ನಾನೇ."

ಅಕ್ಕ ನನ್ನ ಮುಂದೆ ಬಂದು ನಿಂತಳು.

"ಆ ಮೇಜಿನ ಹತ್ರ ಅವರು ನಿಲ್ತಾರೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಕ್ಕ. ಆ ವರ್ಷ ಇಷ್ಟು ಬಿಸಿಲಿರಲಿಲ್ಲ..."

"ಬಿಸಿಲಿನ ಮೇಲೆ ಹಾಕ್ತೀಯಾ?"

ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಬರೆದುಕೊಳ್ಳಿ ಮೇಡಂ. ಇವನು ಹೇಳಿದ್ದೆಲ್ಲ ಬರೆದುಕೊಳ್ಳಿ. ಸಾಕ್ಷಿಗೆ ನಾನು ಸೈನ್ ಹಾಕ್ತೀನಿ."

ಹಾಕಿದಳು. ಪೆನ್ನು ಮೇಜಿನ ಮೇಲಿಟ್ಟಳು. ಸೆರಗು ತಲೆಗೆ ಹೊದ್ದು ಬಿಸಿಲಿಗಿಳಿದಳು. ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಹಾದಳು, ಕಂಬದ ಪಕ್ಕ ಹಾದ ಹಾಗೆ.

ಫೈಲ್ ಮುಚ್ಚಲಿಲ್ಲ. ಸಂಜೆಯೊಳಗೆ ಮ್ಯಾನೇಜರನಿಗೂ ನನಗೂ ಕೋಳ ಬಿತ್ತು. ಪೊಲೀಸರು ಒಂದೇ ಜೀಪಿನಲ್ಲಿ ಕೂರಿಸಿದರು. "ಸೆಕೆ ಅಲ್ವಾ?" ಅಂದ ಅವನು.

ನಿಮಗೆ ಎಲ್ಲ ಹೇಳಿದೆ. ಹೋದವರು ಆರು ಜನ. ನಾಲ್ಕು ಹೆಂಗಸರು, ಇಬ್ಬರು ಗಂಡಸರು. ನನ್ನ ಪಾಲಿಗೆ ಇನ್ನೂ ಒಬ್ಬಳು, ಅಕ್ಕ.

ನನಗೆ ಇದ್ದದ್ದೂ ಅವಳೊಬ್ಬಳೇ.