ವಾಪಸ್ ಕೊಟ್ಟ ಮಿಠಾಯಿ ಕಾಗದ

ಷಟರ್ ಎತ್ತುವ ಮೊದಲೇ ಅಂಗಡಿಯ ಮುಂದೆ ಜನ ಸೇರಿದ್ದರು. ಮಿಠಾಯಿ ದಿನ ಎಂದರೆ ಹಾಗೇ. ವರ್ಷವಿಡೀ ಬಾಯಿ ಬಿಡಲು ಧೈರ್ಯವಾಗದವರೆಲ್ಲ ಅಂದು ಬಂದು, ಕಾಗದ ಸುತ್ತಿದ ಒಂದೇ ಒಂದು ಮಿಠಾಯಿ ಕೊಂಡು, ಅದನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡು ಹೋಗುತ್ತಾರೆ.

ಕೊಡುವುದಕ್ಕೂ ಒಂದು ರೀತಿಯಿದೆ. ಮನಸ್ಸಿಗೆ ಹಿಡಿಸಿದವರ ಕೈಯಲ್ಲಿ ಮಿಠಾಯಿ ಇಟ್ಟು ಸುಮ್ಮನೆ ನಿಲ್ಲಬೇಕು. ಅವರು ಎದುರಿಗೇ ಬಿಡಿಸಿ ತಿನ್ನುತ್ತಾರೆ. ಕಾಗದವನ್ನು ತಾವೇ ಇಟ್ಟುಕೊಂಡರೆ ಒಪ್ಪಿಗೆ, ವಾಪಸ್ ಕೊಟ್ಟರೆ ಇಲ್ಲ. ಒಮ್ಮೆ ಕಾಗದ ವಾಪಸ್ ಬಂತೆಂದರೆ ಕೊಟ್ಟವರು ಮತ್ತೆಂದೂ ಆ ಮಾತು ಎತ್ತುವಂತಿಲ್ಲ.

ಊರಿಗೆಲ್ಲ ಮಿಠಾಯಿ ಕಾಯಿಸಿಕೊಡುವ ಪುಟ್ಟಿಗೆ ಮಾತ್ರ ಆ ದಿನ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ವಯಸ್ಸು ಮೂವತ್ತರ ಹತ್ತಿರ ಬಂದರೂ ಅಜ್ಜಿ ಕರೆಯುವ ಹೆಸರು ಅವಳನ್ನು ಬಿಟ್ಟಿಲ್ಲ. ಅಜ್ಜಿ ಗಲ್ಲಾಪೆಟ್ಟಿಗೆಯ ಹಿಂದೆ, ಮೊಮ್ಮಗಳು ಒಲೆಯ ಮುಂದೆ, ಇಷ್ಟೇ ಅವರ ಸಂಸಾರ. ಪುಟ್ಟಿಯ ನಾಲಿಗೆಗೆ ಊರೇ ಹೆದರುತ್ತಿತ್ತು. ರುಚಿ ನೋಡುವುದರಲ್ಲೂ ಅಷ್ಟೇ, ಮಾತಿನಲ್ಲೂ ಅಷ್ಟೇ.

ಹೆದರದವನು ಒಬ್ಬನಿದ್ದ. ಬೀದಿಯ ತಿರುವಿನಲ್ಲಿ ಎಸೆನ್ಸ್ ಅಂಗಡಿ ಇಟ್ಟವನು. ಹೊಸ ಪರಿಮಳ ಏನೇ ಬರಲಿ, ಅದನ್ನು ಹಾಕಿ ಮಾಡಿಸಿದ ಮಿಠಾಯಿಯೊಂದನ್ನು ಸ್ಯಾಂಪಲ್ ಎಂದು ಅವಳಿಗೆ ತಂದುಕೊಡುತ್ತಿದ್ದ. ಅವಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಾಗದವನ್ನು ಹೆಬ್ಬೆರಳಿನಿಂದ ಸವರಿ, ಪಾಕ ಅಂಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ವಾಪಸ್ ಕೊಟ್ಟು, ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಅವನು ನಗುತ್ತ ಕೇಳಿಸಿಕೊಳ್ಳುತ್ತಿದ್ದ. ಅವನು ಬರುವ ಹೊತ್ತಿಗೆ ಸರಿಯಾಗಿ ಪುಟ್ಟಿ ಏಪ್ರನ್ ಬದಲಿಸುವುದನ್ನು ಅಜ್ಜಿ ಕಂಡೂ ಕಾಣದಂತೆ ಇರುತ್ತಿದ್ದಳು.

ಅಂದೂ ಅವನು ಬಂದ. ಗದ್ದಲದ ನಡುವೆಯೇ ದಾರಿ ಮಾಡಿಕೊಂಡು ಒಲೆಯ ಹತ್ತಿರ ಬಂದು, ಅವಳ ಕೈಯಲ್ಲಿ ಒಂದು ಮಿಠಾಯಿ ಇಟ್ಟ. ಇಸ್ತ್ರಿ ಮಾಡಿದ ಶರ್ಟು, ಒದ್ದೆ ಬಾಚಿದ ಕೂದಲು. ಎಲ್ಲಿಗೋ ಮದುವೆಗೆ ಹೊರಟಿರಬೇಕು ಎಂದುಕೊಂಡಳು ಅವಳು. ಎಂದಿನಂತೆ ಅವನು ನಗಲಿಲ್ಲ. ಅವಳ ಹಣೆಗೆ ಅಂಟಿದ್ದ ಸಕ್ಕರೆ ಹರಳನ್ನು ನೋಡಿದ, ಕಣ್ಣು ನೋಡಿದ, ಮತ್ತೆ ಆ ಹರಳಿನತ್ತಲೇ ದೃಷ್ಟಿ ತಿರುಗಿಸಿದ. ಅವಳ ಕೆನ್ನೆ ಬಿಸಿಯಾಯಿತು. ಒಲೆಯ ಕಾವು ಎಂದು ತನಗೆ ತಾನೇ ಹೇಳಿಕೊಂಡಳು.

ಮಿಠಾಯಿ ಬಾಯಿಗೆ ಹೋಯಿತು. ಬೆರಳು ತನ್ನಷ್ಟಕ್ಕೆ ತಾನೇ ಕಾಗದ ಸವರಿತು, ಬೆಳಕಿಗೆ ಹಿಡಿಯಿತು, ವಾಪಸ್ ಕೊಟ್ಟಿತು.

“ಪಾಕ ಹದ ಮೀರಿದೆ. ಕೊನೇಲಿ ಕಹಿ ಬರುತ್ತೆ. ಇದು ನಡೆಯಲ್ಲ,” ಎಂದಳು.

ಅವನು ಕಾಗದವನ್ನು ನೋಡಿದ. ಆಮೇಲೆ ಅದನ್ನು ನೀಟಾಗಿ ಮಡಚಿ ಜೇಬಿಗಿಟ್ಟು, ಸರಿ, ಬರ್ತೀನಿ ಎಂದು ಹೊರಟುಹೋದ. ಅಷ್ಟರಲ್ಲಿ ಪಾತ್ರೆ ಉಕ್ಕಿತು, ಅವಳು ಅತ್ತ ಓಡಿದಳು.

ಮಧ್ಯಾಹ್ನ ಜನ ಕರಗಿದ ಮೇಲೆ ಅಜ್ಜಿ ಮಾತು ತೆಗೆದಳು. ಇಷ್ಟವಿಲ್ಲದಿದ್ದರೆ ಇಲ್ಲ, ಆದರೆ ಅಷ್ಟು ಜನರೆದುರು ಹುಡುಗನ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತು ಎಂದಳು. ಪುಟ್ಟಿ ತಟ್ಟೆ ಒರೆಸುತ್ತ, ಸ್ಯಾಂಪಲ್ ಚೆನ್ನಾಗಿರಲಿಲ್ಲ, ಹೇಳಿದೆ, ಅದಕ್ಕೇನೀಗ ಎಂದಳು.

“ಸ್ಯಾಂಪಲ್ ಕೊಡೋಕೆ ಯಾರಾದ್ರೂ ಇಸ್ತ್ರಿ ಶರ್ಟ್ ಹಾಕ್ಕೊಂಡು ಬರ್ತಾರೇನೇ? ಇವತ್ತು ಏನು ದಿನ?”

ಪುಟ್ಟಿ ತಟ್ಟೆ ಕೆಳಗಿಟ್ಟಳು. ನಿಂಬೆಯ ಪರಿಮಳ ಇನ್ನೂ ನಾಲಿಗೆಯ ಮೇಲಿತ್ತು. ಎಂದಿನಂತೆ ಬೇರೆ ಕಡೆ ಮಾಡಿಸಿದ್ದಾಗಿದ್ದರೆ ಪಾಕ ಹಾಗೆ ಹದ ತಪ್ಪುತ್ತಿರಲಿಲ್ಲ. ಅವನೇ ಕಾಯಿಸಿದ್ದ. ಸಕ್ಕರೆ ಕರಗಿಸಲೂ ಬಾರದವನು ಅವಳಿಗಾಗಿ ಒಲೆಯ ಮುಂದೆ ನಿಂತಿದ್ದ. ಅವಳು ನಡೆಯಲ್ಲ ಎಂದಿದ್ದಳು. ಅವನು ಮರ್ಯಾದಸ್ಥ, ಇನ್ನು ಜನ್ಮದಲ್ಲಿ ಕೇಳುವುದಿಲ್ಲ. ಅವಳು ಮುಕ್ಕಾಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

ಅಜ್ಜಿ ಅವಳನ್ನು ಅಳಲು ಬಿಟ್ಟಳು. ಆಮೇಲೆ, ಈ ಮಿಠಾಯಿ ದಿನ ಹೇಗೆ ಶುರುವಾಯಿತು ಗೊತ್ತೇನು ಎಂದು ಕೇಳಿದಳು. ಪೇಪರಿನವರು ಪ್ರತಿ ವರ್ಷ ಒಂದೊಂದು ಕತೆ ಬರೆಯುತ್ತಿದ್ದರು. ಒಂದು ಸಲ ಯಾರೋ ರಾಜಕುಮಾರಿ, ಇನ್ನೊಂದು ಸಲ ಯುದ್ಧಕ್ಕೆ ಹೋದ ಸೈನಿಕ.

“ರಾಜಕುಮಾರಿನೂ ಇಲ್ಲ, ಮಣ್ಣೂ ಇಲ್ಲ. ನಾನು,” ಎಂದಳು ಅಜ್ಜಿ.

ತಾತ ಆಗ ಇದೇ ಒಲೆಯ ಮುಂದೆ ಕೆಲಸಕ್ಕಿದ್ದ ಮಾತಿಲ್ಲದ ಹುಡುಗ. ಒಂದು ದಿನ ಬೀದಿಯಲ್ಲಿ ಹೋಗುತ್ತಿದ್ದ ಅಜ್ಜಿಯ ಕೈಗೆ ಮಿಠಾಯಿ ಇಟ್ಟು ಕಂಬದ ಹಾಗೆ ನಿಂತುಬಿಟ್ಟನಂತೆ. ಅವಳು ತಿಂದಳು. ಹತ್ತಿರದಲ್ಲಿ ಕಸದ ಡಬ್ಬಿ ಇರಲಿಲ್ಲ, ಕಾಗದವನ್ನು ಬ್ಯಾಗಿಗೆ ಹಾಕಿಕೊಂಡಳು. ಅದನ್ನೇ ಒಪ್ಪಿಗೆ ಎಂದುಕೊಂಡು ಮಾರನೆಯ ದಿನ ಅವನು ಅಮ್ಮನನ್ನು ಕರೆದುಕೊಂಡು ಅವಳ ಮನೆ ಬಾಗಿಲಿಗೆ ಬಂದನಂತೆ. ಸುದ್ದಿ ಬೀದಿಗೆ ಹಬ್ಬಿತು, ಬೀದಿಯಿಂದ ಊರಿಗೆ, ಊರಿನಿಂದ ಎಲ್ಲೆಲ್ಲಿಗೋ.

“ಮತ್ತೆ ನೀನ್ಯಾಕೆ ನಿಜ ಹೇಳಲಿಲ್ಲ?”

“ಹೇಳೋಣ ಅಂತಲೇ ಆಚೆ ಬಂದೆ. ನಿನ್ನ ತಾತನ ಮುಖ ನೋಡಿದೆ. ಆಗಲಿಲ್ಲ ಕಣೇ.” ಅಜ್ಜಿ ಸೆರಗಿನಿಂದ ಮೊಮ್ಮಗಳ ಮೂಗು ಒರೆಸಿದಳು. “ಅವನು ಇನ್ನು ಕೇಳೋ ಹಾಗಿಲ್ಲ, ಸರಿ. ನೀನು ಕೇಳಬಾರದು ಅಂತ ಯಾರು ಹೇಳಿದ್ದು?”

ಪುಟ್ಟಿ ಎದ್ದಳು. ಅಂಗಡಿಯಲ್ಲಿ ಹುಡುಕಿದರೂ ಒಂದೇ ಒಂದು ಮಿಠಾಯಿ ಉಳಿದಿರಲಿಲ್ಲ. ಸಣ್ಣ ಬಾಣಲೆಗೆ ಸಕ್ಕರೆ ಸುರಿದು ಉರಿ ಜೋರು ಮಾಡಿದಳು. ಅವನು ಅಂಗಡಿ ಮುಚ್ಚಿಬಿಡುವ ಹೊತ್ತಾಗುತ್ತಿತ್ತು, ಅವಳ ಕಣ್ಣು ಗಡಿಯಾರದ ಮೇಲಿತ್ತು. ಎಂದೂ ಹದ ತಪ್ಪದವಳ ಪಾಕ ಅಂದು ಹದ ತಪ್ಪಿತು. ಇನ್ನೊಮ್ಮೆ ಕಾಯಿಸಲು ಹೊತ್ತಿರಲಿಲ್ಲ. ಕಾಗದದ ಕಟ್ಟಿನತ್ತ ಕೈ ಚಾಚಿದಳು, ಏನೋ ಯೋಚಿಸಿ ಹಿಂದಕ್ಕೆ ತೆಗೆದುಕೊಂಡಳು. ಏಪ್ರನ್ನನ್ನೂ ಬಿಚ್ಚದೆ ಬೀದಿಗಿಳಿದಳು.

ಅವನು ಸೀಸೆಗಳ ಮುಚ್ಚಳ ಬಿಗಿಮಾಡಿ ಕಪಾಟಿನಲ್ಲಿ ಜೋಡಿಸುತ್ತಿದ್ದ. ಗುಲಾಬಿ, ಕಿತ್ತಳೆ, ವೆನಿಲಾ, ಎಲ್ಲ ಪರಿಮಳಗಳೂ ಆ ಪುಟ್ಟ ಕೋಣೆಯಲ್ಲಿ ಕಲೆತಿದ್ದವು. ಅವಳನ್ನು ಕಂಡು ಕೈಯಲ್ಲಿದ್ದ ಸೀಸೆ ಕೆಳಗಿಟ್ಟ. ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಸೊಟ್ಟಗಿನ, ಕಂದು ಬಣ್ಣದ ಮಿಠಾಯಿಯೊಂದು ಬೆವರಿಗೆ ಅಂಟಿಕೊಂಡಿತ್ತು.

ಅವನು ಅದನ್ನು ಮೆಲ್ಲಗೆ ಬಿಡಿಸಿ ತೆಗೆದುಕೊಂಡ. ಬಿಡಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಅವನ ಬೆರಳು ಅವಳ ಅಂಗೈಯಲ್ಲಿ ನಿಂತಿತು. ಬಾಯಿಗೆ ಹಾಕಿಕೊಂಡು, ಅವಳು ಮಾಡುವಂತೆಯೇ ಕಣ್ಣು ಅರೆಮುಚ್ಚಿ ರುಚಿ ನೋಡಿದ.

“ಪಾಕ ಹದ ಮೀರಿದೆ,” ಎಂದ.

“ಗೊತ್ತು.”

“ಕೊನೇಲಿ ಕಹಿ ಇದೆ.”

“ಗೊತ್ತು ರೀ. ಬೆಳಿಗ್ಗೆ ನಂಗೆ ತಿಳೀಲಿಲ್ಲ. ಸ್ಯಾಂಪಲ್ ಅಂದ್ಕೊಂಡೆ.”

ಅವನು ಅವಳ ಎರಡೂ ಕೈಗಳನ್ನು ನೋಡಿದ. “ಕಾಗದ ಎಲ್ಲಿ?”

“ಸುತ್ತಲಿಲ್ಲ,” ಎಂದಳು ಪುಟ್ಟಿ. ಊರು ಹೆದರುವ ಆ ನಾಲಿಗೆ ಈಗ ತೊದಲುತ್ತಿತ್ತು. “ಕಾಗದ ಇದ್ದಿದ್ರೆ ನೀವು ವಾಪಸ್ ಕೊಟ್ಟುಬಿಡಬಹುದಿತ್ತಲ್ಲ.”

ಅವನು ನಕ್ಕ. ನಗುವಿಗೆ ಬಾಯೊಳಗಿನ ಮಿಠಾಯಿ ಹಲ್ಲಿಗೆ ತಗುಲಿ ಟಿಕ್ಕೆಂದಿತು. ಆಮೇಲೆ ಜೇಬಿನಿಂದ ಬೆಳಗಿನ ಕಾಗದ ತೆಗೆದು, ಮಡಿಕೆ ಬಿಡಿಸಿ, ಅವಳ ಮುಂದೆ ಹಿಡಿದ.

“ಇದು ನನ್ನ ಹತ್ರ ಇರಬೇಕಾದ್ದಲ್ಲ,” ಎಂದ.

ಅವಳು ತೆಗೆದುಕೊಂಡಳು. ಅಭ್ಯಾಸಬಲದಿಂದ ಹೆಬ್ಬೆರಳು ಒಮ್ಮೆ ಅದರ ಮೇಲೆ ಹರಿಯಿತು. ಅವನು ನೋಡುತ್ತಲೇ ಇದ್ದ. ಈ ಸಲ ಅವಳು ಕಾಗದವನ್ನು ಬೆಳಕಿಗೆ ಹಿಡಿಯಲಿಲ್ಲ. ಮಡಚಿ ಏಪ್ರನ್ನಿನ ಜೇಬಿಗೆ ಹಾಕಿ, ಮೇಲೆ ಕೈ ಇಟ್ಟುಕೊಂಡಳು.