ಸೋಪು ಸಿಸ್ಟರ್ ಬರೆದ ವರದಿ

"ಡಾಕ್ಟ್ರೇ, ನಿಲ್ಲಿ! ಕೈ!"

ಐಸಿಯು ಬಾಗಿಲಲ್ಲಿ ಅವಳು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಹೊಸ ಡಾಕ್ಟರು, ಮೊದಲ ದಿನ! ಹಿಂದೆ ನರ್ಸುಗಳು ಮುಸಿಮುಸಿ ನಗುತ್ತಿದ್ದರು.

"ಸಿಸ್ಟರ್, ಬಂದ ದಿನವೇ ಕೈ ಹಿಡಿದ್ರೆ ಹೇಗೆ? ಮನೇಲಿ ಒಂದು ಮಾತು ಕೇಳ್ಬೇಡ್ವಾ?"

"ತಮಾಷೆ ಆಮೇಲೆ. ಮೊದಲು ಸೋಪು!"

ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ಕಾಯುವುದು ಅವಳ ಕೆಲಸ. ಎಲ್ಲರೂ ಅವಳನ್ನು 'ಸೋಪು ಸಿಸ್ಟರ್' ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅವನೊಬ್ಬ ಮಾತ್ರ ಎದುರಿಗೇ ರೇಗಿಸುತ್ತಿದ್ದ. ಮೂರು ತಿಂಗಳಾಗುವಷ್ಟರಲ್ಲಿ, ಅವನು ರೇಗಿಸದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಇದಕ್ಕೆ ಏನೆನ್ನುತ್ತಾರೆಂದು ನಾನು ಬಿಡಿಸಿ ಹೇಳಬೇಕೇ? ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಅಷ್ಟರಲ್ಲಿ ಬಂತು ಆ ದರಿದ್ರ ಬ್ಯಾಕ್ಟೀರಿಯಾ. ಯಾವ ಆ್ಯಂಟಿಬಯಾಟಿಕ್ಕಿಗೂ ಜಗ್ಗದ್ದು. ಎರಡನೇ ಬೆಡ್ಡಿನ ಅಜ್ಜ ತೀರಿಕೊಂಡರು. ಆಮೇಲೆ ನಾಲ್ಕನೇ ಬೆಡ್ಡು, ಆಮೇಲೆ ಏಳು... ನೆಲ ಉಜ್ಜಿಸಿದಳು, ಪರದೆ ಬದಲಿಸಿದಳು. ಊಹೂಂ!

ಕೊನೆಗೆ ಸಿಂಕಿನ ಪಕ್ಕ ಪುಸ್ತಕ ಹಿಡಿದು ನಿಂತಳು. ಕೈ ತೊಳೆದವರಿಗೆ ಟಿಕ್ಕು, ತೊಳೆಯದವರಿಗೆ ಇಂಟು.

ವಾರದ ಕೊನೆಗೆ ಹೆಚ್ಚು ಇಂಟು ಯಾರಿಗೆ? ಅವನಿಗೇ!

'ಮುಚ್ಚಿಟ್ಟುಬಿಡಲೇ?... ಛೀ! ಬೆಡ್ಡಿನ ಮೇಲಿರುವವರ ಜೀವ ಅಗ್ಗವೇ?' ಇದ್ದದ್ದು ಇದ್ದಂತೆ ವರದಿ ಕೊಟ್ಟಳು. ಸೂಪರಿಂಟೆಂಡೆಂಟರು ಅಂದೇ ಅವನನ್ನು ಹೊರರೋಗಿಗಳ ವಿಭಾಗಕ್ಕೆ ಎತ್ತಿಹಾಕಿದರು.

"ಅಜ್ಜ ನನ್ನಿಂದ ಹೋದ್ರು ಅಂತೀರಾ?" ಕಾರಿಡಾರಿನಲ್ಲಿ ಅವನು ಅಡ್ಡ ನಿಂತು ಕೇಳಿದ.

"ಕಂಡಿದ್ದು ಬರೆದೆ, ಡಾಕ್ಟ್ರೇ."

"ಕಂಡಿದ್ದು! ಸರಿ ಬಿಡಿ."

ಅವನು ಬೆನ್ನು ತಿರುಗಿಸಿ ಹೊರಟೇಬಿಟ್ಟ.

ಅವನು ಹೋಗಿ ಹತ್ತು ದಿನದ ಮೇಲೆ ಐದನೇ ಬೆಡ್ಡಿನ ಬಾಣಂತಿಗೂ ಅದೇ ಸೋಂಕು! ಸಿಸ್ಟರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. 'ಡಾಕ್ಟ್ರಿಂದಲ್ಲ... ಹಾಗಾದರೆ ಎಲ್ಲಿಂದ?'

ಆಗ ಕಂಡಿತು. ಆಯಾ, ಮಿಕ್ಕ ಡ್ರಿಪ್ ಬಾಟಲಿಯನ್ನು ಕೈ ತೊಳೆಯುವ ಸಿಂಕಿಗೆ ಬಗ್ಗಿಸುತ್ತಿದ್ದಳು.

"ಅಕ್ಕಾ! ಏನದು?"

"ಗ್ಲೂಕೋಸು ಸಿಸ್ಟರ್. ದಿನಾ ಇಲ್ಲೇ ಚೆಲ್ಲೋದು. ಆ ಕಡೆ ಸಿಂಕಿಗೆ ಯಾರು ನಡೀತಾರೆ?"

ಆಯಾ ನಲ್ಲಿ ತಿರುಗಿಸಿದಳು. ನೀರು ನೇರ ತೂತಿಗೆ ಬಡಿದು, ಹನಿಗಳು ಪಕ್ಕದ ಇಂಜೆಕ್ಷನ್ ಟ್ರೇಗೆ ಹಾರಿದವು.

"ಆ ಹೊಸ ಡಾಕ್ಟ್ರೂ ಹೇಳ್ತಿದ್ರಪ್ಪ, ಇಲ್ಲಿ ನೀರು ಸಿಡಿಯುತ್ತೆ ಅಂತ. ಜೇಬಲ್ಲಿ ಸ್ಯಾನಿಟೈಸರ್ ಇಟ್ಕೊಂಡು ಪ್ರತಿ ಬೆಡ್ ಹತ್ರ ಉಜ್ಜಿಕೊಳ್ತಿದ್ರು."

ಸಿಸ್ಟರ್ ಇಂಟುಗಳ ಪುಸ್ತಕ ಬಿಡಿಸಿದಳು. ಅವಳು ನೋಡಿದ್ದು ಸಿಂಕು ಮಾತ್ರ. ಬೆಡ್ಡಿನ ಕಡೆ ತಿರುಗಿಯೂ ನೋಡಿರಲಿಲ್ಲ!

ಪೈಪಿನೊಳಗಿನ ಲೋಳೆಯನ್ನು ಲ್ಯಾಬಿಗೆ ಕಳಿಸಿದಳು. ಅದೇ ಬ್ಯಾಕ್ಟೀರಿಯಾ! ಸಕ್ಕರೆ ನೀರು ಕುಡಿದು ಕೊಬ್ಬಿತ್ತು. ಅದರ ಮೇಲೆ ದಿನಕ್ಕೆ ನೂರು ಸಲ ನಲ್ಲಿ ತಿರುಗಿಸುವಂತೆ ಮಾಡಿದ್ದು ಯಾರು? ಅವಳೇ.

"ನನ್ನ ವರದಿ ತಪ್ಪು ಸಾರ್. ಬರೆದುಕೊಟ್ಟಿದೀನಿ."

"ಕೆಲಸಕ್ಕೆ ಕುತ್ತು ಬರುತ್ತೆ ಕಣಮ್ಮ," ಎಂದರು ಸೂಪರಿಂಟೆಂಡೆಂಟರು.

"ಬರ್ಲಿ. ಮೊದಲು ಆ ಸಿಂಕು ಕೀಳಿಸಿ!"

ಸಿಂಕು ಹೋಯಿತು, ಟ್ರೇ ದೂರ ಸರಿಯಿತು. ಮೂರು ವಾರ ಹೊಸ ಸೋಂಕಿಲ್ಲ. ಬಾಣಂತಿ ಎದ್ದು ಕೂತಳು. ಸಿಸ್ಟರ್ ಕೈಗೆ ಸಿಕ್ಕಿದ್ದು ತಪ್ಪಿಗೆ ವಿವರಣೆ ಕೇಳುವ ಒಂದು ಮೆಮೊ.

ಮೆಮೊ ಮಡಚಿಟ್ಟು ಹೊರರೋಗಿಗಳ ಸಾಲಿನಲ್ಲಿ ಚೀಟಿ ಹಿಡಿದು ಕೂತಳು.

"ಏನ್ ತೊಂದರೆ?" ಅವನು ತಲೆ ಎತ್ತಲಿಲ್ಲ.

"ನಿಮಗೆ ಅನ್ಯಾಯ ಮಾಡಿದೀನಿ..."

ಪೆನ್ನು ನಿಂತಿತು.

"ವರದಿಗೆ ಸಿಟ್ಟು ಬರಲಿಲ್ಲ ನಂಗೆ. ಬರೆಯೋ ಮುಂಚೆ 'ಯಾಕ್ರೀ ಹೀಗೆ' ಅಂತ ಒಂದು ಸಲ ಕೇಳಲಿಲ್ಲವಲ್ಲ..."

"ಕೇಳಿದ್ರೆ ನಿಮ್ಮ ಪರ ವಾಲಿಬಿಡ್ತೀನೇನೋ ಅಂತ ಭಯ."

"ನನ್ನ ಪರ ಯಾಕೆ ವಾಲ್ತಿದ್ರಿ?"

"ಯಾಕೆ ಅಂತ ಗೊತ್ತಿಲ್ವಾ? ನಿಮ್ಮನ್ನ ಕಂಡ್ರೆ ಪ್ರಾಣ, ಅದಕ್ಕೆ!"

ಬಾಗಿಲಾಚೆ ಯಾರೋ ಕೆಮ್ಮಿದರು. "ಡಾಕ್ಟ್ರೇ, ಬೇಗ ಆಗುತ್ತಾ?"

"ಐದು ನಿಮಿಷ ಯಜಮಾನ್ರೇ! ಇದು ಹಳೇ ಕೇಸು."

ಅವಳು ಕಣ್ಣೊರೆಸಿಕೊಂಡಳು. "ಎಷ್ಟು ಹಳೇದು?"

"ನಿಮಗೆ ಶುರುವಾಗೋ ಮುಂಚೆನೇ ನಂಗೆ ಶುರುವಾಗಿತ್ತು ಕಣ್ರೀ."